ಅರಸೀಕೆರೆಯ ಬಯಲು ಖಾಲಿ ಬಿದ್ದಿಲ್ಲ: ಸೋಲಾರ್ ಪರ ವಾದಗಳಿಗೆ ಒಂದು ಪ್ರತ್ಯುತ್ತರ

ರೈತರ ಪಂಪ್‌ಸೆಟ್‌ಗೆ ಹಗಲು ಹೊತ್ತೇ ಕರೆಂಟು ಕೊಡಬೇಕು, ಅದಕ್ಕೆ ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಘಟಕ ಆಗಬೇಕು, ಘಟಕಕ್ಕೆ ಜಮೀನು ಬೇಕು. ಪಿಎಂ ಕುಸುಮ್ ಯೋಜನೆಯ ‘ಸಿ’ ಭಾಗದ ಸಾರ ಇಷ್ಟೇ. ಮೊದಲ ಎರಡು ಮಾತಿಗೆ ಯಾರ ತಕರಾರೂ ಇಲ್ಲ. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ಮೋಟರ್ ಆನ್ ಮಾಡಲು ತೋಟಕ್ಕೆ ಹೋಗುವ ಕಷ್ಟ ಅರಸೀಕೆರೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಕರಾರು ಇರುವುದು ಮೂರನೆಯದಕ್ಕೆ. ಜಮೀನು ಬೇಕೆಂದಾಗ ಮೊದಲು ಕಣ್ಣು ಬೀಳುವುದು ಗೋಮಾಳ, ಖರಾಬು, ಕಾವಲು, ಗುಡ್ಡದ ಬುಡ ಇವುಗಳ ಮೇಲೆ. ಬೇಲೂರು ದಾಟಿ ಹಳೇಬೀಡಿಗೆ, ಅಲ್ಲಿಂದ ಜಾವಗಲ್, ಬಾಣಾವರದ ಕಡೆಗೆ ಬಂದಂತೆ ಮಲೆನಾಡು ಕರಗಿ ಬಯಲುಸೀಮೆ ಶುರುವಾಗುತ್ತದಲ್ಲ, ಆ ಪಟ್ಟಿಯಲ್ಲಿ ಇಂಥ ಜಾಗಗಳು ಧಾರಾಳವಾಗಿವೆ. ಅಥವಾ ಹಾಗೆ ಕಾಣುತ್ತವೆ.

ಅಲ್ಲಿ ಕಾಡುಪ್ರಾಣಿಗಳಿವೆ, ಸ್ವಲ್ಪ ನೋಡಿ ಜಾಗ ಆರಿಸಿ ಎಂದರೆ ಸಾಕು, ಸೋಲಾರ್ ಪರ ಇರುವವರಿಂದ ಉತ್ತರಗಳು ಸಾಲುಗಟ್ಟಿ ಬರುತ್ತವೆ. ಟೀ ಅಂಗಡಿಯಲ್ಲೂ ಅವೇ, ಗ್ರಾಮಸಭೆಯಲ್ಲೂ ಅವೇ, ಇಂಗ್ಲಿಷ್ ಪತ್ರಿಕೆಯ ಅಂಕಣದಲ್ಲೂ ಅವೇ. ಒಂದೊಂದಾಗಿ ತೆಗೆದುಕೊಳ್ಳುತ್ತೇನೆ. ಸೋಲಾರ್ ಬೇಡ ಎನ್ನುವ ಪಂಗಡಕ್ಕೆ ನಾನು ಸೇರಿದವನಲ್ಲ. ಜಾಗ ಆರಿಸುವ ಈ ಉಡಾಫೆಯ ಬಗ್ಗೆ ಮಾತ್ರ ನನ್ನ ಜಗಳ.

“ಅಲ್ಲೇನಿದೆ ಸ್ವಾಮಿ? ಬರೀ ಕಲ್ಲು, ಕಾರೆಮುಳ್ಳು. ಬಂಜರು ಭೂಮಿ.”

ಉಳಿದ ವಾದಗಳೆಲ್ಲ ನಿಂತಿರುವುದು ಇದರ ಮೇಲೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಹರಡಿರುವ ಅಮೃತ್ ಮಹಲ್ ಕಾವಲುಗಳು ಯಾರೂ ದಿಕ್ಕಿಲ್ಲದೆ ಬಿಟ್ಟುಹೋದ ಭೂಮಿಯಲ್ಲ. ಮೈಸೂರಿನ ಒಡೆಯರು ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಮಾಡಿ ದನ ಸಾಕಿದರು, ಟಿಪ್ಪು ಸುಲ್ತಾನ್ ಅದನ್ನು ‘ಅಮೃತ್ ಮಹಲ್’ ಎಂದು ಕರೆದ. ಸೇನೆಯ ಗಾಡಿ ಎಳೆಯುವ ದನಗಳು ಋತುವಿಗೆ ತಕ್ಕಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಹೋಗಿ ಮೇಯುತ್ತಿದ್ದವು. ಉಳುಮೆ ಮಾಡದೆ, ಮರ ನೆಡದೆ, ಹುಲ್ಲಿಗೆಂದೇ ಶತಮಾನಗಟ್ಟಲೆ ಕಾಯ್ದ ನೆಲ ಅದು. ದನದ ಜೊತೆಗೆ ಆ ಹುಲ್ಲನ್ನು ನಂಬಿ ಕೃಷ್ಣಮೃಗ, ಗುಳ್ಳೆನರಿ, ಮೊಲ, ಗೌಜಲ ಹಕ್ಕಿ, ಬುರ್ಲಿ, ನೆಲಗುಬ್ಬಿಗಳೂ ಉಳಿದವು. ಜಾವಗಲ್‌ನಿಂದ ಆಚೆ, ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸರ್ಕಾರವೇ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. 736 ಹೆಕ್ಟೇರ್ ಇರುವ ಆ ಹುಲ್ಲುಗಾವಲು ಉಳಿದದ್ದು ಕೃಷ್ಣಮೃಗದ ಹೆಸರಿನಲ್ಲಿ. ಅದರ ಬೇಲಿಯಿಂದ ಈಚೆ ಬಿದ್ದಿರುವ ಅಂಥದೇ ನೆಲ ಮಾತ್ರ ಕಾಗದದ ಮೇಲೆ ‘ಬಂಜರು’. ಹುಲ್ಲು ಒಂದೇ, ಮಣ್ಣು ಒಂದೇ, ಕಡತ ಬೇರೆ.

ದೇಶದ ಮಟ್ಟದಲ್ಲೂ ಇದೇ ಕಥೆ. ಕೇಂದ್ರದ ಭೂಸಂಪನ್ಮೂಲ ಇಲಾಖೆ ಬಂಜರು ಭೂಮಿಯ ನಕ್ಷೆ ಪುಸ್ತಕವನ್ನೇ ತಂದಿದೆ. ಮುಳ್ಳುಪೊದೆಯ ಕುರುಚಲು, ಕಲ್ಲು ನೆಲ ಎಲ್ಲ ಅದರಲ್ಲಿ ಬಂಜರಿನ ಲೆಕ್ಕಕ್ಕೆ ಸೇರುತ್ತವೆ. ಎಂ.ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಎಂಬ ಇಬ್ಬರು ವಿಜ್ಞಾನಿಗಳು ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು ಒಣಸೀಮೆಯ ಈ ತೆರೆದ ನಿಸರ್ಗವನ್ನು ಬೇರೆಯಾಗಿ ಗುರುತಿಸಿದರು. ದೇಶದ ನೆಲದ ಸುಮಾರು ಶೇ 10ರಷ್ಟು ಭಾಗ ಇಂಥದ್ದು, ಅದರಲ್ಲಿ ಅಭಯಾರಣ್ಯಗಳ ರಕ್ಷಣೆ ಸಿಕ್ಕಿರುವುದು ಶೇ 5ಕ್ಕಿಂತ ಕಡಿಮೆ. ಹುಲಿ ಕಾಡಿಗೆ ಸಿಗುವ ಮರ್ಯಾದೆ ಹುಲ್ಲಿಗೆ ಇನ್ನೂ ಸಿಕ್ಕಿಲ್ಲ.

ಇನ್ನು ಕಲ್ಲು ಮತ್ತು ಕಾರೆಮುಳ್ಳಿನ ಮಾತು. ಅರಸೀಕೆರೆ ಸೀಮೆಯ ಗುಡ್ಡಗಳಲ್ಲಿ ಕರಡಿ ಇರುವುದು ಹೊಸ ಸುದ್ದಿಯೇನಲ್ಲ. ಅರಸೀಕೆರೆಯ ಹೆಸರಿನಲ್ಲೇ ಒಂದು ಕರಡಿಧಾಮ ಇದೆ. ಕರಡಿಗೆ ಬೇಕಾದದ್ದು ಎರಡೇ: ಹಗಲು ಮಲಗಲು ಬಂಡೆಯ ಸಂದು, ರಾತ್ರಿ ಮೇಯಲು ಗುಡ್ಡದ ಬುಡದ ಕುರುಚಲು. ಬಂಡೆ ಕಾಡಿನ ಗಡಿಯೊಳಗಿದೆ, ಹೊಟ್ಟೆ ತುಂಬುವ ಜಾಗ ಗಡಿಯ ಹೊರಗಿನ ಖರಾಬಿನಲ್ಲಿದೆ. ಎಲಚಿ, ಕಾರೆ, ಕವಳೆ, ಹತ್ತಿರದ ಹಳ್ಳದಲ್ಲಿ ಅತ್ತಿ, ನೇರಳೆ. ಹಣ್ಣಿಲ್ಲದ ಕಾಲದಲ್ಲಿ ಗೆದ್ದಲು.

ಗೆದ್ದಲು ತಿನ್ನುವ ಕರಡಿಯ ರೀತಿ ನೋಡುವಂಥದ್ದು. ಮುಂಗಾಲಿನ ಉದ್ದುಗುರಿನಿಂದ ಹುತ್ತವನ್ನು ಒಂದು ಮಗ್ಗುಲಿನಿಂದ ಬಗೆಯುತ್ತದೆ. ಮೂತಿಯನ್ನು ಬಿಲಕ್ಕೆ ಒತ್ತಿ ಮೊದಲು ಮಣ್ಣಿನ ಪುಡಿಯನ್ನು ಊದಿ ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಯನ್ನು ಕೊಳವೆಯಂತೆ ಮುಂದೆ ಚಾಚಿ ಹೀರುತ್ತದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಅದಕ್ಕಿಲ್ಲ, ಆ ಸಂದಿನಿಂದಲೇ ಗೆದ್ದಲು ಒಳಗೆ ಹೋಗುತ್ತವೆ. ರಾತ್ರಿಯ ನಿಶ್ಶಬ್ದದಲ್ಲಿ ಆ ಹೀರುವ ಸದ್ದು ಬಹಳ ದೂರಕ್ಕೆ ಕೇಳುತ್ತದೆ. ಸೋಲಾರ್ ಘಟಕಕ್ಕೆ ನೆಲ ಮಟ್ಟ ಮಾಡಲು ಜೆಸಿಬಿ ಬಂದ ದಿನ ಎಲ್ಲಕ್ಕಿಂತ ಮೊದಲು ಹೋಗುವುದು ಪೊದೆ ಮತ್ತು ಹುತ್ತ. ಪ್ಯಾನೆಲ್ ಮೇಲೆ ನೆರಳು ಬೀಳಬಾರದು, ಒಣಹುಲ್ಲಿಗೆ ಬೆಂಕಿ ತಗುಲಬಾರದು ಎಂದು ಆಮೇಲೆ ಯಾವುದನ್ನೂ ಬೆಳೆಯಲು ಬಿಡುವುದಿಲ್ಲ. ನೆಲಗುಬ್ಬಿಯ ಗೂಡಂತೂ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹುಲ್ಲಿನ ಬುಡದಲ್ಲಿ ದನದ ಗೊರಸಿನ ಗುಂಡಿಯಷ್ಟು ಜಾಗ ಸಾಕು ಅದಕ್ಕೆ. ಟಿಟ್ಟಿಭಕ್ಕೆ ಅಷ್ಟೂ ಬೇಡ, ಬರಿಯ ನೆಲದ ಮೇಲೆ ನಾಲ್ಕು ಕಲ್ಲಿನ ಚೂರುಗಳ ನಡುವೆ ಮೊಟ್ಟೆ ಇಡುತ್ತದೆ. ‘ಏನೂ ಇಲ್ಲ’ ಎಂದು ಮಹಜರು ಬರೆದವರು ಅದರ ಪಕ್ಕದಲ್ಲೇ ನಿಂತು ಬರೆದಿರಬಹುದು.

ಖಾಲಿ ಜಾಗ ಎಂದು ತಿಳಿದು ಒಳ್ಳೆಯ ಉದ್ದೇಶದಿಂದಲೇ ಬಯಲನ್ನು ಕೆಡಿಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ಮತ್ತು ಎರೆಭೂತ ಹಕ್ಕಿಗೆ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ಗೆ, ಹೆಸರಾಗಿದ್ದ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟರು. 1974ರಲ್ಲಿ ಅಭಯಾರಣ್ಯವೂ ಆಯಿತು. ಹಸಿರೇನೋ ಬಂತು. ಎರೆಭೂತ ಹೋಯಿತು. ಇವತ್ತು ಕರ್ನಾಟಕದಲ್ಲಿ ಆ ಹಕ್ಕಿ ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ, ಅದೂ ಬೆರಳೆಣಿಕೆಯಷ್ಟು. ಅಂದು ಗಿಡ ನೆಟ್ಟವರೂ ಪರಿಸರದ ಹೆಸರಿನಲ್ಲೇ ನೆಟ್ಟಿದ್ದರು.

“ಪ್ರಾಣಿಗಳಿಗೇನು, ಪಕ್ಕದ ಕಾಡಿಗೆ ಹೋಗುತ್ತವೆ.”

ಯಾವ ಪಕ್ಕದ ಕಾಡಿಗೆ? ಈ ಮಾತನ್ನು ಬೇರೆ ಯಾವ ಜಿಲ್ಲೆಯವರಾದರೂ ಆಡಬಹುದು, ಹಾಸನದವರು ಆಡಬಾರದು. ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಹಿನ್ನೀರಿಗೆ ಕಣಿವೆ ಹೋಯಿತು, ಮುಳುಗಡೆಯಾದವರಿಗೆ ಜಮೀನು ಕೊಡಲು ಕಾಡೂ ಹೋಯಿತು. ಎಚ್‌ಆರ್‌ಪಿ, ಅಂದರೆ ಹೇಮಾವತಿ ಜಲಾಶಯ ಯೋಜನೆಯ, ಜಮೀನಿನ ಕಥೆ ಗೊತ್ತಿಲ್ಲದವರು ನಮ್ಮ ಜಿಲ್ಲೆಯಲ್ಲಿ ಇಲ್ಲ. ಆನೆಗಳು ‘ಪಕ್ಕದ ಕಾಡಿಗೆ’ ಹೋದವೇ? ಆಲೂರು, ಸಕಲೇಶಪುರದ ಕಾಫಿ ತೋಟಗಳಿಗೆ ಬಂದವು. 2014ರಲ್ಲಿ ಅಲ್ಲಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಅದಾದ ಮೇಲೂ ಆನೆ ನಿಲ್ಲಲಿಲ್ಲ, ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಸುತ್ತ ಇವತ್ತೂ ತೋಟದ ಕೆಲಸಕ್ಕೆ ಹೋಗುವವರು ಮೊಬೈಲ್‌ನಲ್ಲಿ ಆನೆ ಎಲ್ಲಿದೆ ಎಂದು ನೋಡಿಕೊಂಡೇ ಮನೆ ಬಿಡುತ್ತಾರೆ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತದ್ದು ಇದೇ ಉದ್ದನೆಯ ಲೆಕ್ಕದ ಒಂದು ಸಾಲು.

ಅರಸೀಕೆರೆಯಲ್ಲಿ ಆನೆಯ ಜಾಗದಲ್ಲಿ ಕರಡಿ, ಚಿರತೆ ಇಟ್ಟು ನೋಡಿ. ಗುಡ್ಡದ ಬುಡಕ್ಕೆ ಆಳೆತ್ತರದ ಚೈನ್‌ಲಿಂಕ್ ಬೇಲಿ, ಮೇಲೆ ಮುಳ್ಳುತಂತಿ, ರಾತ್ರಿಯೆಲ್ಲ ಉರಿಯುವ ದೀಪ. ಕರಡಿ ಮಲಗುವ ಬಂಡೆ ಇದ್ದಲ್ಲೇ ಇದೆ, ಮೇಯುವ ಜಾಗ ಬೇಲಿಯೊಳಗೆ ಸೇರಿತು. ಅದು ಬೇಲಿಯ ಅಂಚು ಹಿಡಿದು ನಡೆಯುತ್ತದೆ. ಅಂಚು ಮುಗಿದಲ್ಲಿ ಯಾರದೋ ತೆಂಗಿನ ತೋಟ, ರಾಗಿ ಹೊಲ, ತೋಟದ ಮನೆ. ಕರಡಿಗೆ ಕಿವಿ, ಕಣ್ಣು ಮಂದ. ಬೆಳಗಿನ ಜಾವ ನೀರು ಹಾಯಿಸಲು ಹೋದವನು ಹತ್ತು ಮಾರು ದೂರದಲ್ಲಿ ಎದುರಾದರೆ ಅದು ಓಡುವ ಬದಲು ಮೇಲೆ ಬೀಳುತ್ತದೆ. ಹಗಲು ಕರೆಂಟು ಬಂದಿದೆಯಲ್ಲ, ಬೆಳಗಿನ ಜಾವ ಯಾಕೆ ಹೋಗಬೇಕು ಎಂದು ಯಾರಾದರೂ ಕೇಳಬಹುದು. ಹಾಲು ಕರೆಯಲು, ಬಯಲಿಗೆ ಹೋಗಲು, ಬಸ್ಸು ಹಿಡಿಯಲು ಹೋಗುತ್ತಾರೆ ಸ್ವಾಮಿ. ಚಿರತೆಯ ವಿಷಯ ಇನ್ನೂ ಸರಳ: ಮೊಲ, ಗೌಜಲು ಕಡಿಮೆಯಾದರೆ ನಾಯಿ, ಕುರಿ. ಆಮೇಲೆ ಬೋನು, ಪ್ರತಿಭಟನೆ, ಅರಣ್ಯ ಇಲಾಖೆಗೆ ಬೈಗುಳ. ಸೋಲಾರ್ ಘಟಕದ ಹೆಸರು ಆ ಪ್ರತಿಭಟನೆಯಲ್ಲಿ ಬರುವುದೇ ಇಲ್ಲ.

“ಪಾವಗಡದಲ್ಲಿ ಮಾಡಿಲ್ಲವೇ? ಅಲ್ಲೇನಾಯಿತು?”

ಪಾವಗಡದ ಹೆಸರು ತೆಗೆದದ್ದು ಒಳ್ಳೆಯದೇ ಆಯಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅಲ್ಲಿಯ ‘ಶಕ್ತಿಸ್ಥಳ’ ಸೋಲಾರ್ ಪಾರ್ಕು 2,050 ಮೆಗಾವಾಟ್‌ನದು, ಸುಮಾರು 13,000 ಎಕರೆ, ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಹಳ್ಳಿ. ಆದರೆ ಅಲ್ಲಿ ತೆಗೆದುಕೊಂಡದ್ದು ಬಹುಪಾಲು ಯಾವ ಜಮೀನು? ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆಯಲಾಗದ ರೈತರ ಸ್ವಂತ ಜಮೀನು. ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಅಂದರೆ ಪಾವಗಡ ಹೇಳಿಕೊಡುವ ಪಾಠ ಕಾವಲಿಗೆ ಕೈ ಹಾಕದೆಯೂ ದೊಡ್ಡ ಘಟಕ ಕಟ್ಟಬಹುದು ಎಂದು. ಅದು ನನ್ನ ಪರವಾದ ಸಾಕ್ಷಿ, ನಿಮ್ಮದಲ್ಲ. ಅಲ್ಲೂ ಜಮೀನಿಲ್ಲದ ಕೂಲಿಯವರಿಗೆ, ಕುರಿಗಾಹಿಗಳಿಗೆ ಗುತ್ತಿಗೆಯ ಹಣ ಬರಲಿಲ್ಲ, ಹುಲ್ಲು ಮಾತ್ರ ಹೋಯಿತು. ಅಂಥ ನಷ್ಟ ಗೋಮಾಳದಲ್ಲಿ ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿ ಬಾಡಿಗೆ ಪಡೆಯುವ ರೈತನೂ ಇರುವುದಿಲ್ಲ.

ನಿಜವಾಗಿ ಹೋಲಿಸಬೇಕಾದದ್ದು ಚಳ್ಳಕೆರೆಯನ್ನು. ಅಲ್ಲಿಯ ಕುದಾಪುರ, ಉಳ್ಳಾರ್ತಿ ಸುತ್ತಿನ ಅಮೃತ್ ಮಹಲ್ ಕಾವಲುಗಳಲ್ಲಿ ಹತ್ತಿರ ಹತ್ತಿರ 10,000 ಎಕರೆಯನ್ನು ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಹಂಚುವಾಗ 1,250 ಎಕರೆ ಒಂದು ಖಾಸಗಿ ಸೋಲಾರ್ ಕಂಪನಿಗೂ ಹೋಯಿತು. ತಲೆಮಾರುಗಳಿಂದ ಮೇಯಿಸುತ್ತಿದ್ದವರಿಗೆ ವಿಷಯ ತಿಳಿದದ್ದು ಗೋಡೆ ಏಳಲು ಶುರುವಾದ ಮೇಲೆ. ವ್ಯಾಜ್ಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಿ 2014ರಲ್ಲಿ ತೀರ್ಪು ಬರುವ ಹೊತ್ತಿಗೆ ಗೋಡೆಗಳು ಎದ್ದು ನಿಂತಿದ್ದವು. ಕಾವಲನ್ನು ಕೇಳದೆ ಹಂಚಿದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಹತ್ತಿರದ ಪಾಠ ಬೇಕಿಲ್ಲ.

“ಹೊಗೆ ಇಲ್ಲ, ಬೂದಿ ಇಲ್ಲ. ಪರಿಸರ ಅಧ್ಯಯನ ಯಾಕೆ?”

ಕಾನೂನು ಕೂಡ ಹಾಗೇ ಅನ್ನುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಸೋಲಾರ್ ಫಲಕಗಳ ಘಟಕ ಇಲ್ಲ. ಎಷ್ಟು ಸಾವಿರ ಎಕರೆಯಾದರೂ ಸರಿ, ಸಾರ್ವಜನಿಕ ಅಹವಾಲು ಇಲ್ಲ, ಪ್ರಾಣಿಪಕ್ಷಿಗಳ ಪಟ್ಟಿ ಮಾಡುವ ಕಡ್ಡಾಯವೂ ಇಲ್ಲ. ಆಮೇಲೆ ‘ಹಾನಿಯಾದದ್ದಕ್ಕೆ ದಾಖಲೆ ಎಲ್ಲಿದೆ’ ಎಂದು ಕೇಳುತ್ತಾರೆ. ಎಣಿಸದೇ ಇದ್ದದ್ದು ಕಡಿಮೆಯಾಯಿತೆಂದು ತೋರಿಸುವುದು ಹೇಗೆ? ಹೊಗೆಯ ಮಾನದಂಡ ಹೊಗೆ ಉಗುಳುವ ಕಾರ್ಖಾನೆಗೆ ಸರಿ. ಸೋಲಾರ್ ಘಟಕ ತಿನ್ನುವುದು ನೆಲವನ್ನು, ಹಾಗಾಗಿ ಅಳೆಯಬೇಕಾದದ್ದೂ ನೆಲವನ್ನೇ.

ಅರಣ್ಯ ಕಾಯ್ದೆ ಕಾಪಾಡುತ್ತದೆ ಎನ್ನುವವರಿಗೆ ಒಂದು ಅಂಕಿ. ಕರ್ನಾಟಕದಲ್ಲಿ 9.94 ಲಕ್ಷ ಹೆಕ್ಟೇರ್ ಜಮೀನನ್ನು ಪರಿಭಾವಿತ ಅರಣ್ಯ ಎಂದು ಗುರುತಿಸಲಾಗಿತ್ತು. 2022ರಲ್ಲಿ ಪಟ್ಟಿ ಪರಿಷ್ಕರಿಸಿ ಉಳಿಸಿಕೊಂಡದ್ದು 3.3 ಲಕ್ಷ ಹೆಕ್ಟೇರ್ ಮಾತ್ರ. ಉಳಿದದ್ದು ಕಂದಾಯದ ಲೆಕ್ಕಕ್ಕೆ ಮರಳಿತು.

“ನಮ್ಮದು ಪಾವಗಡದಷ್ಟು ದೊಡ್ಡದಲ್ಲ, ನಲವತ್ತು ಐವತ್ತು ಎಕರೆ ಅಷ್ಟೆ.”

ಒಂದು ಮೆಗಾವಾಟ್‌ಗೆ ನಾಲ್ಕರಿಂದ ಐದು ಎಕರೆ ಬೇಕು, ಹತ್ತು ಮೆಗಾವಾಟ್‌ಗೆ ನೀವು ಹೇಳಿದಷ್ಟೇ. ಆದರೆ ಪ್ರಾಣಿ ಎಕರೆ ಲೆಕ್ಕದಲ್ಲಿ ಓಡಾಡುವುದಿಲ್ಲ. ಎರಡು ಗುಡ್ಡಗಳ ನಡುವಿನ ಕಿರಿದಾದ ಕುರುಚಲು ಪಟ್ಟಿ ಹದಿನೈದೇ ಎಕರೆ ಇರಬಹುದು. ಅದನ್ನು ಮುಚ್ಚಿದರೆ ಎರಡು ಗುಡ್ಡಗಳೂ ಬೇರೆ ಬೇರೆ ದ್ವೀಪ. ಅದೇ ನಲವತ್ತು ಎಕರೆಯನ್ನು ರೈಲ್ವೆ ಹಳಿಯ ಪಕ್ಕ ತೆಗೆದುಕೊಂಡರೆ ಯಾರಿಗೂ ಏನೂ ಆಗದಿರಬಹುದು. ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ದೊಡ್ಡ ಪ್ರಶ್ನೆ. ಇನ್ನೊಂದು ವಿಷಯ: ಒಂದೇ ಕಡೆ ಇರುವ ದೊಡ್ಡ ಪಾರ್ಕು ಕಣ್ಣಿಗೆ ಬೀಳುತ್ತದೆ, ಪತ್ರಿಕೆಯವರು ಬರುತ್ತಾರೆ. ಒಂದೊಂದು ಹೋಬಳಿಗೆ ಒಂದೊಂದು ಘಟಕವಾದರೆ ಒಟ್ಟು ಲೆಕ್ಕ ಹಾಕುವವರೇ ಇರುವುದಿಲ್ಲ.

“ಯುರೋಪಿನಲ್ಲಿ ಪ್ಯಾನೆಲ್ ಕೆಳಗೆ ಕುರಿ ಮೇಯುತ್ತವೆ, ಹಕ್ಕಿ ಹೆಚ್ಚಾಗಿವೆ.”

ಹೌದು, ಹೆಚ್ಚಾಗಿವೆ. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ನಡೆದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಗಿದೆ. ಬೇಲಿ ಸಾಲು ಉಳಿಸಿ, ಹುಲ್ಲು ಹೂವು ಬೆಳೆಯಲು ಬಿಟ್ಟ ಸೋಲಾರ್ ಜಮೀನುಗಳಲ್ಲಿ ಅಕ್ಕಪಕ್ಕದ ಕೃಷಿಭೂಮಿಗಿಂತ ಹೆಚ್ಚು ಹಕ್ಕಿಗಳು ಕಂಡವು. ಅದನ್ನು ಪೂರ್ತಿ ಓದಬೇಕು. ಅಲ್ಲಿ ಹೋಲಿಕೆ ಇರುವುದು ಕೀಟನಾಶಕ ಸುರಿದು, ಒಂದೇ ಬೆಳೆ ಹಾಕಿ, ಮೂಲೆಮೂಲೆ ಉತ್ತ ಹೊಲದ ಜೊತೆಗೆ. ಕೆಟ್ಟುಹೋದ ನೆಲಕ್ಕೆ ಸೋಲಾರ್ ಬಂದರೆ ನೆಲ ಸುಧಾರಿಸಬಹುದು, ಯಾರು ಇಲ್ಲ ಎಂದರು? ಹಾಗಾದರೆ ನಮ್ಮಲ್ಲೂ ಕೆಟ್ಟ ನೆಲಕ್ಕೇ ತನ್ನಿ. ಜೀವಂತ ಹುಲ್ಲುಗಾವಲನ್ನು ಕೆತ್ತಿ ಹಾಕಿ ಇಂಗ್ಲೆಂಡಿನ ಹೊಲವನ್ನು ತೋರಿಸುವುದು ಮೋಸ. ಕುರಿಯ ಮಾತಿಗೂ ಉತ್ತರ ಅಷ್ಟೇ: ನಮ್ಮ ಕುರಿಗಾಹಿಗೆ ಗೇಟಿನೊಳಗೆ ಬಿಡುತ್ತೇವೆಂದು ಗುತ್ತಿಗೆ ಪತ್ರದಲ್ಲಿ ಬರೆದುಕೊಡಿ, ಸೆಕ್ಯೂರಿಟಿಯವನ ದಯೆಗೆ ಬಿಡಬೇಡಿ.

ನಮ್ಮ ಕಡೆಯವರಿಗೂ ಇಲ್ಲಿ ಒಂದು ಮಾತು ಹೇಳಬೇಕು. ಸೋಲಾರ್ ಘಟಕದ ಮೇಲೆ ಹಾರುವ ಹಕ್ಕಿಗಳು ಸುಟ್ಟು ಬೀಳುತ್ತವೆ ಎಂಬ ವಿಡಿಯೊವನ್ನು ದಯವಿಟ್ಟು ಹಂಚಬೇಡಿ. ಅದು ಕ್ಯಾಲಿಫೋರ್ನಿಯಾದ ಇವಾನ್‌ಪಾ ಘಟಕದ್ದು. ಅಲ್ಲಿ ಲಕ್ಷಾಂತರ ಕನ್ನಡಿಗಳಿಂದ ಬಿಸಿಲನ್ನು ಮೂರು ಗೋಪುರಗಳ ತುದಿಗೆ ಹಾಯಿಸುತ್ತಿದ್ದರು, ಆ ಕಿರಣದ ದಾರಿಗೆ ಸಿಕ್ಕ ಹಕ್ಕಿಗಳು ಸುಟ್ಟವು. ನಮ್ಮಲ್ಲಿ ಹಾಕುವ ಫಲಕಕ್ಕೂ ಅದಕ್ಕೂ ಸಂಬಂಧವಿಲ್ಲ. ಹಕ್ಕಿಗೆ ಇಲ್ಲಿ ನಿಜವಾದ ಅಪಾಯ ಘಟಕದಿಂದ ಹೊರಡುವ ತಂತಿ. ರಾಜಸ್ಥಾನದ ಥಾರ್‌ನಲ್ಲಿ 4,200 ಚದರ ಕಿಲೋಮೀಟರ್ ಪ್ರದೇಶದಲ್ಲಿ ವಿದ್ಯುತ್ ತಂತಿಗೆ ಬಡಿದು ವರ್ಷಕ್ಕೆ ಸುಮಾರು 84,000 ಹಕ್ಕಿಗಳು ಸಾಯುತ್ತವೆಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿದೆ. ನಿಜ ಇಷ್ಟು ಗಟ್ಟಿಯಾಗಿರುವಾಗ ಸುಳ್ಳಿನ ಆಸರೆ ಬೇಕಿಲ್ಲ. ಪ್ಯಾನೆಲ್ ತೊಳೆಯಲು ನೀರು ಬೇಕಲ್ಲ ಎಂಬ ಆಕ್ಷೇಪವೂ ಈಗ ಮೊದಲಿನಷ್ಟು ಗಟ್ಟಿಯಲ್ಲ. ಒಣ ಬ್ರಷ್ಷಿನ ಯಂತ್ರಗಳು ಬಂದಿವೆ, ಹಾಕಿ ಎಂದು ಕೇಳಿದರಾಯಿತು.

“ಸೋಲಾರ್ ಬೇಡವಾದರೆ ಕಲ್ಲಿದ್ದಲೇ? ಸುಪ್ರೀಂ ಕೋರ್ಟೇ ಹೇಳಿದೆಯಲ್ಲ!”

ಕಲ್ಲಿದ್ದಲು ಬೇಡ. ರಾಯಚೂರು, ಬಳ್ಳಾರಿ, ಯರಮರಸ್‌ನ ಚಿಮಣಿಗಳು ಇನ್ನೂ ಹತ್ತು ಕಾಲ ಉರಿಯಲಿ ಎಂದು ಬಯಸುವ ಪರಿಸರವಾದಿಯನ್ನು ನಾನು ಕಂಡಿಲ್ಲ. ಆ ಕಲ್ಲಿದ್ದಲು ಬರುವುದೂ ಎಲ್ಲೋ ಒಂದು ಕಾಡನ್ನು ಅಗೆದೇ. ಹವಾಮಾನ ಕೆಟ್ಟರೆ ಅರಸೀಕೆರೆಯ ಕರಡಿಯೂ ಉಳಿಯುವುದಿಲ್ಲ, ತೆಂಗೂ ಉಳಿಯುವುದಿಲ್ಲ. ಇಷ್ಟೂ ಒಪ್ಪಿದೆ. ಒಪ್ಪಿದ ಮೇಲೂ ‘ಆದ್ದರಿಂದ ಈ ಗುಡ್ಡದ ಬುಡವೇ ಬೇಕು’ ಎಂಬ ತೀರ್ಮಾನಕ್ಕೆ ಹೇಗೆ ಬರುತ್ತೀರಿ?

ಇನ್ನು ಸುಪ್ರೀಂ ಕೋರ್ಟ್. 2021ರ ಏಪ್ರಿಲ್‌ನಲ್ಲಿ ಎರೆಭೂತ ಹಕ್ಕಿಯ ಪ್ರಕರಣದಲ್ಲಿ ಕೋರ್ಟು ರಾಜಸ್ಥಾನ, ಗುಜರಾತ್‌ನ ವಿಶಾಲ ಪ್ರದೇಶದಲ್ಲಿ ತಂತಿಗಳನ್ನು ನೆಲದಡಿ ಹಾಕಿ ಎಂದಿತ್ತು. 2024ರ ಮಾರ್ಚ್ 21ರಂದು ಅದನ್ನು ಸಡಿಲಿಸಿತು, ಹವಾಮಾನ ಬದಲಾವಣೆಯ ಕೆಡುಕುಗಳಿಂದ ಮುಕ್ತರಾಗಿ ಬದುಕುವುದು ಸಂವಿಧಾನದ ಹಕ್ಕು ಎಂದಿತು. ನೀವು ಉಲ್ಲೇಖಿಸುವುದು ಅಲ್ಲಿಗೆ ನಿಲ್ಲುತ್ತದೆ. ಅದೇ ತೀರ್ಪಿನಲ್ಲಿ ಕೋರ್ಟು ತಜ್ಞರ ಸಮಿತಿಯನ್ನೂ ನೇಮಿಸಿತು, ಎಲ್ಲೆಲ್ಲಿ ತಂತಿ ಹೋಗಬಹುದು, ಎಲ್ಲಿ ಹೋಗಬಾರದು ನೋಡಿ ಹೇಳಿ ಎಂದಿತು. ಅಂದರೆ ಜಾಗ ನೋಡಿ ನಿರ್ಧರಿಸಿ ಎಂದೇ ಕೋರ್ಟು ಹೇಳಿದ್ದು. ಈ ಲೇಖನವೂ ಅದನ್ನೇ ಕೇಳುತ್ತಿದೆ.

“ರೈತನಿಗೆ ನಾಲ್ಕು ಕಾಸು ಬಂದರೆ ನಿಮಗೇನು ಹೊಟ್ಟೆಯುರಿ?”

ರೈತನಿಗೆ ಬರುವುದಾದರೆ ಬರಲಿ. ನಾನು ಬೇಡ ಅನ್ನುವ ಜಾಗ ರೈತನದ್ದಲ್ಲವೇ ಅಲ್ಲ. ಗೋಮಾಳದ ಬಾಡಿಗೆಯಿಂದ ದನ ಕಟ್ಟಿಕೊಂಡವನ ಜೇಬಿಗೆ ಏನೂ ಬರುವುದಿಲ್ಲ. ಈ ಪ್ರಶ್ನೆ ಕೇಳುವವರು ಆ ವ್ಯತ್ಯಾಸವನ್ನು ಬೇಕೆಂದೇ ಮುಚ್ಚಿಡುತ್ತಾರೆ.

“ಹಾಗಾದರೆ ಎಲ್ಲಿ ಹಾಕೋಣ, ನೀವೇ ಹೇಳಿ.”

ಇದು ನ್ಯಾಯವಾದ ಪ್ರಶ್ನೆ. ಕಪ್ಪುತಲೆ ಹುಳು, ಕಾಂಡ ಸೋರುವ ರೋಗ, ಮೇಲೆ ಬರಗಾಲ ಸೇರಿ ಸುಳಿ ಒಣಗಿದ ತೆಂಗಿನ ತೋಟಗಳು ಅರಸೀಕೆರೆ, ತಿಪಟೂರಿನ ನಡುವೆ ಎಷ್ಟು ಬೇಕು? ಕೊಳವೆಬಾವಿ ಬತ್ತಿ, ಮತ್ತೆ ಸಸಿ ನೆಡುವ ಧೈರ್ಯವಿಲ್ಲದೆ ಬಿಟ್ಟಿರುವ ಜಮೀನುಗಳು ಅವು. ಕುಸುಮ್ ಯೋಜನೆಯಲ್ಲಿ ಎಕರೆಗೆ ವರ್ಷಕ್ಕೆ 25,000 ರೂಪಾಯಿ ಬಾಡಿಗೆಯ ಮಾತಿದೆ. ಮಾಲೀಕ ಒಪ್ಪಿದರೆ ಅಲ್ಲಿ ಹಾಕಿ. ಸರ್ಕಾರಿ ಜಮೀನು ಸುಲಭವಾಗಿ ಸಿಗುವಾಗ ರೈತನ ಜೊತೆ ಚೌಕಾಸಿ ಯಾಕೆ ಎಂಬ ಸೋಮಾರಿತನವೇ ಇದಕ್ಕೆ ದೊಡ್ಡ ಅಡ್ಡಿ ಎಂದು ನನ್ನ ಅನಿಸಿಕೆ.

ಎತ್ತಿನಹೊಳೆ ಯೋಜನೆಯ 252 ಕಿಲೋಮೀಟರ್ ಗುರುತ್ವ ಕಾಲುವೆ ಬೇಲೂರು, ಅರಸೀಕೆರೆ ಸೀಮೆಯನ್ನು ಹಾದು ತುಮಕೂರಿನ ಕಡೆ ಹೋಗುತ್ತದೆ. ಅಗೆತವಂತೂ ಆಗಿದೆ, ಪ್ರಾಣಿಗಳ ದಾರಿ ಕತ್ತರಿಸಿಯೂ ಆಗಿದೆ. ಗುಜರಾತ್‌ನಲ್ಲಿ ನರ್ಮದಾ ಕಾಲುವೆಯ ಮೇಲೆ ಪ್ಯಾನೆಲ್ ಹಾಕಿದಂತೆ ಇದರ ಮೇಲೂ ಹಾಕಬಹುದು. ನೆಲದ ಮೇಲೆ ಹಾಕುವುದಕ್ಕಿಂತ ಖರ್ಚು ಜಾಸ್ತಿ, ಅದು ನಿಜ. ನೀರು ಆವಿಯಾಗುವುದು ಕಡಿಮೆಯಾಗುತ್ತದೆ, ಎಲ್ಲರ ಜಮೀನೂ ಉಳಿಯುತ್ತದೆ, ಅವೆರಡನ್ನೂ ಖರ್ಚಿನ ಎದುರು ಇಟ್ಟು ತೂಗಲಿ. ಅರಸೀಕೆರೆ ಎಪಿಎಂಸಿಯ ಕೊಬ್ಬರಿ ಗೋದಾಮುಗಳು, ಜಂಕ್ಷನ್ನಿನ ಪ್ಲಾಟ್‌ಫಾರಂ ಚಾವಣಿ, ಶಾಲೆ ಕಾಲೇಜುಗಳ ತಾರಸಿ ಇವುಗಳ ಲೆಕ್ಕವನ್ನಾದರೂ ಯಾರಾದರೂ ಹಾಕಿದ್ದಾರೆಯೇ? ಮನೆ ಚಾವಣಿಗೆ 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಹಾಯಧನವಿದೆ. ನಮ್ಮಲ್ಲಿ ಅದಕ್ಕೆ ಉತ್ಸಾಹ ಕಡಿಮೆ ಇರುವುದಕ್ಕೆ ಒಂದು ಕಾರಣ ಗೃಹಜ್ಯೋತಿ. 200 ಯೂನಿಟ್‌ವರೆಗೆ ಬಿಲ್ಲೇ ಬಾರದ ಮನೆಯವನು ಚಾವಣಿಗೆ ಯಾಕೆ ದುಡ್ಡು ಹಾಕುತ್ತಾನೆ? ಗೃಹಜ್ಯೋತಿ ಬಡವರಿಗೆ ಬೇಕಾದ್ದೇ. ಆದರೆ ಚಾವಣಿ ಬಿಟ್ಟು ಕಾವಲಿಗೆ ಕೈ ಹಾಕುವ ಒತ್ತಡ ಹುಟ್ಟುವುದು ಇಂಥ ಲೆಕ್ಕಾಚಾರಗಳಿಂದಲೂ ಹೌದು.

ಇಷ್ಟೆಲ್ಲ ಆದ ಮೇಲೂ ಗೋಮಾಳವೇ ಬೇಕು ಎನ್ನುವುದಾದರೆ ಒಂದು ಮಳೆಗಾಲ, ಒಂದು ಬೇಸಿಗೆ ಆ ಜಾಗವನ್ನು ನೋಡಿ. ಮೂರು ತಿಂಗಳು ಕ್ಯಾಮೆರಾ ಟ್ರ್ಯಾಪ್ ಕಟ್ಟಲು ಘಟಕದ ವೆಚ್ಚದ ಮುಂದೆ ಯಾವ ಲೆಕ್ಕಕ್ಕೂ ಬಾರದ ಹಣ ಸಾಕು. ಆ ಚಿತ್ರಗಳನ್ನು ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಿಸಿ. ಮೇಯಿಸುವವರನ್ನು ಕೇಳಿ, ಯಾವ ಹುತ್ತವನ್ನು ಯಾವ ತಿಂಗಳು ಕರಡಿ ಬಗೆಯುತ್ತದೆ ಎಂದು ಅವರು ಹೇಳುತ್ತಾರೆ. ಏನೂ ಇಲ್ಲದ ಜಾಗವಾದರೆ ಅದೂ ಗೊತ್ತಾಗುತ್ತದೆ, ಕೆಲಸ ಶುರು ಮಾಡಿ. ಬೇಲಿಯ ಕೆಳಗೆ ಮೊಲ, ನರಿ, ಉಡ ನುಸುಳುವಷ್ಟು ತೆರವು ಬಿಡಿ, ಹಳ್ಳದ ಎರಡು ದಂಡೆ ಮುಟ್ಟಬೇಡಿ, ರಾತ್ರಿ ದೀಪ ಆರಿಸಿ.

“ಇಪ್ಪತ್ತೈದು ವರ್ಷ ಆದ ಮೇಲೆ ಜಮೀನು ಇದ್ದ ಹಾಗೇ ವಾಪಸ್ ಬರುತ್ತದೆ.”

ಕೊನೆಯ ಬಾಣ ಇದು. ಇದನ್ನು ಹೇಳುವವರಿಗೆ ನನ್ನದು ಒಂದೇ ಕೋರಿಕೆ: ಅದನ್ನು ಒಪ್ಪಂದದಲ್ಲಿ ಬರೆಯಿರಿ. ಗಣಿ ನಡೆಸುವವನು ಗಣಿ ಮುಚ್ಚುವ ಯೋಜನೆಯನ್ನು ಮೊದಲೇ ಕೊಡಬೇಕು, ಅದಕ್ಕೆ ಹಣದ ಖಾತರಿ ಇಡಬೇಕು. ಸೋಲಾರ್ ಘಟಕಕ್ಕೂ ಅದೇ ನಿಯಮ ಇರಲಿ. ಕಂಬ ಕೀಳುವವರು ಯಾರು, ಒಡೆದ ಪ್ಯಾನೆಲ್ ಸಾಗಿಸುವವರು ಯಾರು, ಜೆಸಿಬಿ ಓಡಾಡಿ ಗಟ್ಟಿಯಾದ ನೆಲದಲ್ಲಿ ಊರಿನ ಹುಲ್ಲು ಮತ್ತೆ ಬರುವವರೆಗೆ ನೋಡಿಕೊಳ್ಳುವವರು ಯಾರು, ಅದಕ್ಕೆ ಎಕರೆಗೆ ಎಷ್ಟು ಹಣ, ಆ ಹಣ ಯಾವ ಖಾತೆಯಲ್ಲಿ? ಘಟಕವನ್ನು ಮಧ್ಯದಲ್ಲಿ ಬೇರೆ ಕಂಪನಿಗೆ ಮಾರಿದರೆ ಈ ಹೊಣೆಯೂ ಅವರ ಜೊತೆ ಹೋಗುತ್ತದೆಯೇ? ಪಂಚಾಯಿತಿಯ ಮುಂದೆ ಗುತ್ತಿಗೆ ಪತ್ರ ಬಂದ ದಿನ ಸದಸ್ಯರು ಸಹಿ ಹಾಕುವ ಮೊದಲು ಈ ಆರು ಪ್ರಶ್ನೆಗಳಿಗೆ ಉತ್ತರ ಎಷ್ಟನೇ ಪುಟದಲ್ಲಿದೆ ಎಂದು ಕೇಳಲಿ.